ಹಡಗಿನ ಟಿಕೇಟು ಕೊಳ್ಳುವ ಮುನ್ನ

ನಮ್ಮ ಸೀಮೆಗೆ ಸಮುದ್ರವಿಲ್ಲ. ಕೊಡಂಗಲ್ಲಿನಿಂದ ಯಾವ ದಿಕ್ಕಿಗೆ ಹೊರಟರೂ ಮುನ್ನೂರು ಕಿಲೋಮೀಟರು ದಾಟಿದಲ್ಲದೆ ಉಪ್ಪುನೀರು ಕಾಣಸಿಗದು. ತಾಂಡೂರಿನ ಮಗ್ಗುಲಲ್ಲಿ ಹರಿದು ಸೇಡಂ, ಮಳಖೇಡಗಳತ್ತ ಸಾಗುವ ಕಾಗಿಣಾ ನದಿಯೇ ನಮಗೆ ದೊಡ್ಡ ನೀರು. ಇಂಥ ಒಣನೆಲದ ಮನೆಗಳಲ್ಲಿಯೂ ಈಗ ಹಡಗಿನ ವಿಹಾರದ ಮಾತು ಕೇಳಿಬರುತ್ತಿದೆ. ಹೈದರಾಬಾದಿನಲ್ಲಿಯೋ ಬೆಂಗಳೂರಿನಲ್ಲಿಯೋ ನೌಕರಿಯಲ್ಲಿರುವ ಮಕ್ಕಳು ತಂದೆಯ ಷಷ್ಟ್ಯಬ್ದಿಗೆಂದು, ತಾಯಿಯ ಬಹುದಿನದ ಆಸೆಯೆಂದು ಮುಂಬಯಿಯಿಂದ ಗೋವೆಗೆ, ಲಕ್ಷದ್ವೀಪಕ್ಕೆ ಹೋಗುವ ಹಡಗಿನಲ್ಲಿ ಸ್ಥಳ ಕಾದಿರಿಸುತ್ತಾರೆ. ಆಗ ಏಳುವ ಮೊದಲ ಪ್ರಶ್ನೆ ಹಣದ್ದು. ಎರಡನೆಯದು, ಕಂಪನಿಯಿಂದ ನೇರವಾಗಿ ಕೊಳ್ಳಬೇಕೇ, ಏಜೆಂಟರ ಮುಖಾಂತರ ಕೊಳ್ಳಬೇಕೇ ಎಂಬುದು. ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯದೆ ಮೊದಲನೆಯದಕ್ಕೂ ಉತ್ತರ ಸಿಗುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಏಜೆಂಟನೆಂದರೆ ನಡುವೆ ನಿಂತು ಹಣ ಹೊಡೆಯುವವನೆಂಬ ಭಾವನೆ ಅನೇಕರಲ್ಲಿದೆ. ಆದ್ದರಿಂದ ನೇರವಾಗಿ ಕೊಂಡರೆ ಅಗ್ಗವಾದೀತೆಂದು ಭಾವಿಸುತ್ತಾರೆ. ಹಡಗಿನ ವ್ಯಾಪಾರದಲ್ಲಿ ಇದು ಬಹುಮಟ್ಟಿಗೆ ತಪ್ಪು. ತಾಂಡೂರಿನ ತೊಗರಿಯ ಪೇಟೆಯಲ್ಲಿ ಅಡತಿ ಅಂಗಡಿಯ ವ್ಯವಹಾರ ಬಲ್ಲವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹಡಗಿನ ಕಂಪನಿಯು ತಾನು ಗೊತ್ತುಪಡಿಸಿದ ದರದೊಳಗಿನಿಂದಲೇ ಏಜೆಂಟನಿಗೆ ದಲಾಲಿ ಕೊಡುತ್ತದೆ. ಜಗತ್ತಿನ ದೊಡ್ಡ ಕಂಪನಿಗಳಲ್ಲಿ ಇದು ಸಾಮಾನ್ಯವಾಗಿ ನೂರಕ್ಕೆ ಹತ್ತರ ಆಸುಪಾಸಿನಿಂದ ಆರಂಭವಾಗಿ, ಹೆಚ್ಚು ವ್ಯಾಪಾರ ತರುವವನಿಗೆ ಏರುತ್ತ ಹೋಗುತ್ತದೆ. ಬಂದರಿನ ಶುಲ್ಕ ಮತ್ತು ತೆರಿಗೆಗಳ ಮೇಲೆ ದಲಾಲಿಯಿಲ್ಲ. ಏಜೆಂಟನನ್ನು ಬಿಟ್ಟು ನೇರವಾಗಿ ಹೋದಾಗ ಆ ದಲಾಲಿ ಕಂಪನಿಯ ಪೆಟ್ಟಿಗೆಯಲ್ಲಿ ಉಳಿಯುತ್ತದೆಯೇ ಹೊರತು ನಮ್ಮ ಜೇಬಿಗೆ ಬರುವುದಿಲ್ಲ. ದೊಡ್ಡ ಏಜೆಂಟನಾದರೋ ತನ್ನ ಪಾಲಿನಲ್ಲಿ ಸ್ವಲ್ಪ ಬಿಟ್ಟುಕೊಡುವುದೂ ಉಂಟು. ಇಪ್ಪತ್ತು ಮೂವತ್ತು ಜನ ನೆಂಟರಿಷ್ಟರು ಕೂಡಿ ಹೊರಟರಂತೂ ಗುಂಪಿನ ದರ ಕೇಳಿಯೇ ತೀರಬೇಕು.

ಏಜೆಂಟರ ಕಸುಬು ಇಂದಿನದಲ್ಲ. 1841ರ ಜುಲೈ 5ರಂದು ಇಂಗ್ಲೆಂಡಿನ ಥಾಮಸ್ ಕುಕ್ ಎಂಬವನು ಸುಮಾರು ಐನೂರು ಜನರನ್ನು ತಲೆಗೊಂದು ಷಿಲಿಂಗಿನಂತೆ ಲೆಸ್ಟರ್ ಪಟ್ಟಣದಿಂದ ಲಫ್‌ಬರೋ ಎಂಬ ಊರಿಗೆ ರೈಲಿನಲ್ಲಿ ಕರೆದೊಯ್ದು ತಂದನು. ಆ ಒಂದು ದಿನದ ಪ್ರಯಾಣವೇ ಮುಂದೆ ಜಗದ್ವಿಖ್ಯಾತ ಸಂಸ್ಥೆಯಾಯಿತು. ನಮ್ಮ ನಾಡಿಗೂ ಅದರ ಸಂಬಂಧ ಬಂದಿದೆ. ಮುಂಬಯಿಯಿಂದ ಜಿದ್ದಾಕ್ಕೆ ಹಡಗೇರುತ್ತಿದ್ದ ಹಜ್ ಯಾತ್ರಿಕರನ್ನು ಅಲ್ಲಿಯ ದಲ್ಲಾಳಿಗಳು ಸುಲಿಯುವುದು ಮಿತಿಮೀರಿದಾಗ ಬ್ರಿಟಿಷ್ ಸರಕಾರವು 1886ರಲ್ಲಿ ಇದೇ ಕುಕ್ ಸಂಸ್ಥೆಗೆ ಯಾತ್ರೆಯ ಏಜೆನ್ಸಿಯನ್ನು ವಹಿಸಿತು. ಆ ಏರ್ಪಾಡು ಬಹುಕಾಲ ನಿಲ್ಲಲಿಲ್ಲ. ಆದರೂ ಕೆಟ್ಟ ಮಧ್ಯವರ್ತಿಯನ್ನು ತಪ್ಪಿಸಲು ಒಳ್ಳೆಯ ಮಧ್ಯವರ್ತಿಯನ್ನು ಹುಡುಕಬೇಕಾಯಿತೆಂಬುದು ಗಮನಿಸತಕ್ಕ ಮಾತು. ಯಾತ್ರಿಕನು ತಾನೇ ಹಡಗಿನ ಕಚೇರಿಗೆ ಹೋಗಿ ವ್ಯವಹರಿಸುವುದು ಅಂದು ಸಾಧ್ಯವಿರಲಿಲ್ಲ.

ಇಂದು ಸಾಧ್ಯವಿದೆ. ಆದರೆ ‘ನೇರ’ವೆಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಯಾನ ಆರಂಭಿಸಿದಾಗ ರೈಲ್ವೆಯ ಐ.ಆರ್.ಸಿ.ಟಿ.ಸಿ. ಸಂಸ್ಥೆಯು ಅದರ ಟಿಕೇಟು ಮಾರಲು ಒಪ್ಪಂದ ಮಾಡಿಕೊಂಡಿತು. ರೈಲಿನ ಟಿಕೇಟನ್ನು ಅಲ್ಲಿಯೇ ಕೊಂಡು ರೂಢಿಯಾದವರು ಹಡಗಿನದನ್ನೂ ಅಲ್ಲಿ ಕೊಂಡರೆ ಸರಕಾರದಿಂದ ನೇರವಾಗಿ ಕೊಂಡೆವೆಂದು ತಿಳಿಯುತ್ತಾರೆ. ಹಡಗಿನ ವಿಷಯದಲ್ಲಿ ಐ.ಆರ್.ಸಿ.ಟಿ.ಸಿ.ಯೂ ಮಾರಾಟದ ಏಜೆಂಟನೇ; ಹಡಗು ರೈಲ್ವೆಯದಲ್ಲ. ಇದರಿಂದ ನಷ್ಟವೇನಿಲ್ಲ, ಆದರೆ ಯಾನ ರದ್ದಾದಾಗ ಮೊದಲು ಯಾರ ಬಾಗಿಲು ತಟ್ಟಬೇಕೆಂಬುದು ಬದಲಾಗುತ್ತದೆ.

ಇಲ್ಲಿಯೇ ಮುಖ್ಯ ವಿಷಯವಿದೆ. ಏಜೆಂಟನ ಮುಖಾಂತರ ಸ್ಥಳ ಕಾದಿರಿಸಿದರೆ ಆ ಕಾದಿರಿಸುವಿಕೆ ಅವನ ಲೆಕ್ಕದಲ್ಲಿ ನಿಲ್ಲುತ್ತದೆ. ತಿಥಿ ಬದಲಿಸಬೇಕೆಂದರೂ, ಹೆಸರು ತಿದ್ದಬೇಕೆಂದರೂ, ಹಣ ಹಿಂದಿರುಗಿಸಿಕೊಳ್ಳಬೇಕೆಂದರೂ ಹಡಗಿನ ಕಂಪನಿಯು ಸಾಮಾನ್ಯವಾಗಿ “ನಿಮ್ಮ ಏಜೆಂಟರನ್ನು ಕೇಳಿ” ಎಂದುಬಿಡುತ್ತದೆ. ಏಜೆಂಟನು ಚುರುಕಾಗಿದ್ದರೆ ಇದೇ ದೊಡ್ಡ ಅನುಕೂಲ, ನಮ್ಮ ಪರವಾಗಿ ಗಂಟೆಗಟ್ಟಲೆ ಫೋನು ಹಿಡಿದು ಕೂಡುವ ಕಷ್ಟ ಅವನದು. ಅವನು ಫೋನೆತ್ತದಿದ್ದರೆ ಹಡಗಿನವನೂ ಇಲ್ಲ, ಏಜೆಂಟನೂ ಇಲ್ಲ. ನಾವು ಒಮ್ಮೆ ಪರಿಚಿತರೊಬ್ಬರ ಕೈಯಲ್ಲಿ ಒಂದು ರಸೀದಿಯನ್ನು ಕಂಡೆವು. ಅದರಲ್ಲಿ ‘ಹಡಗು ಪ್ರವಾಸ, ನಾಲ್ಕು ಜನ’ ಎಂದಿತ್ತು, ಮೊತ್ತವಿತ್ತು, ಅಂಗಡಿಯ ಮುದ್ರೆಯಿತ್ತು. ಹಡಗಿನ ಹೆಸರಿರಲಿಲ್ಲ, ಕೋಣೆಯ ದರ್ಜೆಯಿರಲಿಲ್ಲ, ಕಂಪನಿ ಕೊಡುವ ಬುಕಿಂಗ್ ಸಂಖ್ಯೆಯಿರಲಿಲ್ಲ. ಹೊರಡಲು ಹತ್ತು ದಿನವಿರುವಾಗ ವಿಚಾರಿಸಲಾಗಿ ಏಜೆಂಟನು ಮುಂಗಡವನ್ನು ಪಡೆದವನು ಕಂಪನಿಗೆ ಇನ್ನೂ ಕಟ್ಟಿರಲೇ ಇಲ್ಲ. ದರವಾದರೋ ಅಷ್ಟರಲ್ಲಿ ಏರಿತ್ತು. ಜಗಳವಾಡಿ ಹೋಗಿ ಬಂದರೆಂಬುದು ನಿಜ, ಆದರೆ ಆ ಹಿರಿಯರಿಗೆ ಪ್ರವಾಸದ ಸುಖಕ್ಕಿಂತ ಜಗಳದ ನೆನಪೇ ಹೆಚ್ಚಾಗಿ ಉಳಿಯಿತು.

ಆದುದರಿಂದ ಏಜೆಂಟನು ಎಷ್ಟೇ ಪರಿಚಿತನಾಗಿರಲಿ, ಹಣ ಕೊಟ್ಟ ದಿನವೇ ಕಂಪನಿಯ ಬುಕಿಂಗ್ ಸಂಖ್ಯೆಯನ್ನು ಪಡೆದು, ಮಕ್ಕಳಿಂದ ಕಂಪನಿಗೆ ಫೋನು ಮಾಡಿಸಿ, ಆ ಸಂಖ್ಯೆಯಲ್ಲಿ ನಮ್ಮ ಹೆಸರು ಇದೆಯೇ, ಎಷ್ಟು ಹಣ ಜಮೆಯಾಗಿದೆಯೇ ಎಂದು ಕೇಳಬೇಕು. ಬೇರೆ ಬದಲಾವಣೆ ಮಾಡಲು ಒಪ್ಪದ ಕಂಪನಿಯೂ ಇಷ್ಟನ್ನು ಹೇಳಲು ಹಿಂಜರಿಯಬಾರದು. ಹಿಂಜರಿದರೆ ಅದೂ ಒಂದು ಸೂಚನೆಯೇ. ಹಣವನ್ನು ಅಂಗಡಿಯ ಹೆಸರಿನ ಖಾತೆಗಲ್ಲದೆ ವ್ಯಕ್ತಿಯ ಸ್ವಂತ ಖಾತೆಗೆ ಹಾಕಕೂಡದು.

ಹೆಸರಿನ ಮಾತು ಬಂದುದರಿಂದ ನಮ್ಮ ಸೀಮೆಗೇ ವಿಶಿಷ್ಟವಾದ ತೊಡಕೊಂದನ್ನು ಹೇಳಬೇಕು. 1956ರ ನವೆಂಬರ್ 1ರಂದು ಕೊಡಂಗಲ್, ತಾಂಡೂರು ತಾಲೂಕುಗಳು ಗುಲ್ಬರ್ಗಾದಿಂದಲೂ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಬೀದರದಿಂದಲೂ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವಷ್ಟೆ. ಅಂದಿನಿಂದ ನಮ್ಮ ಹೆಸರುಗಳು ನಾಲ್ಕು ಲಿಪಿಗಳಲ್ಲಿ ಅಲೆಯುತ್ತಿವೆ. ಅಜ್ಜನ ಹೊಲದ ಹಳೆಯ ಕಾಗದ ಉರ್ದುವಿನಲ್ಲಿ, ತಂದೆಯ ಶಾಲೆಯ ದಾಖಲೆ ಕನ್ನಡದಲ್ಲಿ, ಆಧಾರ್ ಚೀಟಿ ತೆಲುಗು ಮತ್ತು ಇಂಗ್ಲಿಷಿನಲ್ಲಿ. ಮೇಲಾಗಿ ತೆಲಂಗಾಣದ ರೂಢಿಯಂತೆ ಮನೆತನದ ಹೆಸರು ಮೊದಲು ಬರುತ್ತದೆ. ಕರ್ನಾಟಕದ ಬಂಧುಗಳಲ್ಲಿ ಅದು ಕೊನೆಗೆ. ಬಸವರಾಜನೆಂಬುದು ಒಂದೆಡೆ ‘ಬಸ್ವರಾಜ್’, ಇನ್ನೊಂದೆಡೆ ‘ಬಸವರಾಜು’. ಹಡಗಿನ ಬಂದರಿನಲ್ಲಿಯೋ ವಿಮಾನ ನಿಲ್ದಾಣದಂತೆಯೇ ತಪಾಸಣೆ. ಟಿಕೇಟಿನ ಹೆಸರು ಗುರುತಿನ ಚೀಟಿಗೆ ಹೊಂದಬೇಕು. ಪರದೇಶಕ್ಕಾದರೆ ಪಾಸ್‌ಪೋರ್ಟಿಗೆ ಅಕ್ಷರಶಃ ಹೊಂದಬೇಕು. ಏಜೆಂಟನ ಅಂಗಡಿಯ ಹುಡುಗನು ಬಾಯಲ್ಲಿ ಕೇಳಿ ಬರೆದುಕೊಂಡ ಹೆಸರನ್ನು ನಂಬಿ ಕೂಡುವುದು ಅಪಾಯ. ನೇರವಾಗಿ ಕಾದಿರಿಸುವುದರ ಒಂದು ದೊಡ್ಡ ಗುಣವೆಂದರೆ ಹೆಸರನ್ನು ನಾವೇ ನೋಡಿ ಬರೆಯುತ್ತೇವೆ. ಏಜೆಂಟನ ಮುಖಾಂತರವಾದರೆ ದಸ್ತಾವೇಜಿನ ಪ್ರತಿಯನ್ನೇ ಕೊಡಿರಿ, ಬಾಯಿಮಾತು ಬೇಡ.

ಕೋಣೆಯ ವಿಷಯದಲ್ಲಿ ಮಾತ್ರ ಒಳ್ಳೆಯ ಏಜೆಂಟನ ಬೆಲೆ ತಿಳಿಯುತ್ತದೆ. ‘ನಾಲ್ವರ ಕೋಣೆ’ ಎಂದು ಕಂಡಾಗ ನಾವು ಧರ್ಮಶಾಲೆಯ ಹಾಗೆ ನಾಲ್ಕು ಮಂಚಗಳನ್ನು ಕಲ್ಪಿಸಿಕೊಳ್ಳುತ್ತೇವೆ. ಹಡಗಿನಲ್ಲಿ ಹಾಗಲ್ಲ. ಇಬ್ಬರಿಗೆ ಕೆಳಗಿನ ಮಂಚ, ಮೂರನೆಯವರಿಗೂ ನಾಲ್ಕನೆಯವರಿಗೂ ಗೋಡೆಯಿಂದಲೋ ಮೇಲ್ಛಾವಣಿಯಿಂದಲೋ ಇಳಿಬಿಡುವ ಮೇಲಿನ ಹಲಗೆ, ರೈಲಿನ ಅಪ್ಪರ್ ಬರ್ತಿನಂತೆ. ಮೊಣಕಾಲು ನೋವಿನ ಅತ್ತೆಯವರು ಏಣಿ ಹತ್ತಿ ಮಲಗಲಾರರು. ಒಬ್ಬರೇ ಹೋಗುವವರು ಒಬ್ಬರ ದರ ಕೊಟ್ಟರೆ ಸಾಲದು, ಕೋಣೆಯ ದರ ಇಬ್ಬರ ಲೆಕ್ಕದಲ್ಲಿರುವುದರಿಂದ ಅನೇಕ ವೇಳೆ ಇಮ್ಮಡಿಯವರೆಗೂ ತೆರಬೇಕಾದೀತು. ತಲೆಸುತ್ತು, ವಾಂತಿಯ ಭಯವಿದ್ದವರಿಗೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಒಳ್ಳೆಯದು, ಅಲ್ಲಿ ಓಲಾಟ ಕಡಿಮೆ. ಅಗ್ಗದ ದರದ ಕೋಣೆಗೆ ಕಿಟಕಿಯೇ ಇರುವುದಿಲ್ಲ; ಸಮುದ್ರ ನೋಡಲು ಹೋದವರು ಗೋಡೆ ನೋಡುತ್ತ ಮಲಗುತ್ತಾರೆ. ಇವೆಲ್ಲ ಕಂಪನಿಯ ಪತ್ರಿಕೆಯಲ್ಲಿ ಇರುತ್ತವೆ, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ತಾನೇ ಒಮ್ಮೆ ಹಡಗೇರಿ ಬಂದ ಏಜೆಂಟನು ಇದನ್ನು ಕೇಳದೆಯೇ ಹೇಳುತ್ತಾನೆ. ಏರದವನು ಚಿತ್ರ ತೋರಿಸುತ್ತಾನೆ. “ತಾವು ಈ ಹಡಗಿನಲ್ಲಿ ಹೋಗಿ ಬಂದಿದ್ದೀರಾ?” ಎಂದು ಮೊದಲೇ ಕೇಳಿಬಿಡುವುದು ಉತ್ತಮ.

ಸಸ್ಯಾಹಾರದ ಮನೆಗಳವರು ಊಟದ ವ್ಯವಸ್ಥೆಯನ್ನು ಬರಹದಲ್ಲಿ ಕೇಳಿಕೊಳ್ಳಲಿ. ಬಂದರಿನ ಶುಲ್ಕ, ತೆರಿಗೆ, ಸಿಬ್ಬಂದಿಯ ಬಕ್ಷೀಸು, ದ್ವೀಪದಲ್ಲಿ ಇಳಿದು ಸುತ್ತುವ ಖರ್ಚು ಇವು ಸೇರಿ ಒಟ್ಟು ಎಷ್ಟು ಎಂಬುದನ್ನೂ ಕೇಳಬೇಕು. ವಿದೇಶದ ಪ್ಯಾಕೇಜನ್ನು ಇಲ್ಲಿಯ ಮಾರಾಟಗಾರನಿಂದ ಕೊಂಡರೆ 2020ರ ಅಕ್ಟೋಬರ್ 1ರಿಂದ ಆತನು ಆದಾಯ ತೆರಿಗೆಯ ಒಂದಂಶವನ್ನು ಮೂಲದಲ್ಲಿಯೇ ವಸೂಲು ಮಾಡಬೇಕಾಗಿದೆ. ಅದರ ದರ ಮೇಲಿಂದ ಮೇಲೆ ಬದಲಾಗಿದೆ. ತೆರಿಗೆಯ ಲೆಕ್ಕ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದಾದ್ದರಿಂದ ಆ ರಸೀದಿಯನ್ನು ಎಸೆಯಬಾರದು.

ಇನ್ನು ರೈಲಿನ ಮಾತು. ತಾಂಡೂರಿನಲ್ಲಿ ರೈಲು ಹತ್ತಿ ಮುಂಬಯಿಗೆ ಇಳಿದು ಅಲ್ಲಿಂದ ಬಲ್ಲಾರ್ಡ್ ಪಿಯರಿಗೆ ಹೋಗಬೇಕು. ರೈಲು ತಡವಾದರೆ ಹಡಗು ಕಾಯದು, ಹಣವೂ ಬಾರದು. ರೈಲು, ಹಡಗು ಎರಡನ್ನೂ ನಾವೇ ಬೇರೆ ಬೇರೆ ಕೊಂಡಿದ್ದರೆ ನಷ್ಟವು ಸಂಪೂರ್ಣ ನಮ್ಮದು. ಏಜೆಂಟನು ಎರಡನ್ನೂ ಒಂದೇ ಪ್ಯಾಕೇಜಾಗಿ ಮಾರಿದ್ದರೆ ಅವನನ್ನು ಕೇಳಲು ಆಸ್ಪದವುಂಟು, ಅದೂ ಬರಹದಲ್ಲಿದ್ದರೆ. ಯಾವ ದಾರಿಯಲ್ಲಿ ಕೊಂಡರೂ ಒಂದು ದಿನ ಮುಂಚೆಯೇ ಮುಂಬಯಿ ಸೇರುವುದು ಲೇಸು.

ಕಂಪನಿಯೇ ಮುಳುಗಿದರೇನು ಗತಿ? ಇದು ಕಲ್ಪನೆಯಲ್ಲ. ಜಲೇಶ್ ಎಂಬ ಭಾರತೀಯ ಕಂಪನಿಯು 2019ರಲ್ಲಿ ‘ಕರ್ಣಿಕಾ’ ಹಡಗನ್ನು ಮುಂಬಯಿಯಿಂದ ಓಡಿಸತೊಡಗಿತು. 2020ರಲ್ಲಿ ಕೊರೋನಾ ಕಾಲದಲ್ಲಿ ಮುಚ್ಚಿಹೋಯಿತು, ಹಡಗು ಗುಜರಾತಿನ ಅಲಂಗ್ ತೀರದಲ್ಲಿ ಗುಜರಿಯಾಯಿತು. ಸಿಂಗಪುರದಿಂದ ಭಾರತೀಯರನ್ನು ಬಹಳವಾಗಿ ಕರೆದೊಯ್ಯುತ್ತಿದ್ದ ಸ್ಟಾರ್ ಕ್ರೂಸಸ್ ಹಡಗುಗಳ ಒಡೆತನದ ಗೆಂಟಿಂಗ್ ಹಾಂಗ್‌ಕಾಂಗ್ ಕಂಪನಿಯು 2022ರ ಜನವರಿಯಲ್ಲಿ ಕುಸಿಯಿತು. ಏಜೆಂಟರೂ ಅಷ್ಟೇ. ಮೇಲೆ ಹೇಳಿದ ಕುಕ್ ಸಂಸ್ಥೆಯ ಬ್ರಿಟನ್ನಿನ ಶಾಖೆ 178 ವರ್ಷ ಬಾಳಿ 2019ರ ಸೆಪ್ಟೆಂಬರ್ 23ರಂದು ದಿವಾಳಿಯೆದ್ದಿತು. ಭಾರತದಲ್ಲಿ ಅದೇ ಹೆಸರಿನ ಸಂಸ್ಥೆ ಬೇರೆ ಒಡೆತನದ್ದು, ಅದಕ್ಕೆ ಏನೂ ಆಗಲಿಲ್ಲ. ಪರದೇಶಗಳಲ್ಲಿ ಸಿಕ್ಕಿಬಿದ್ದ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರನ್ನು ಅಲ್ಲಿಯ ಸರಕಾರ ವಿಮಾನ ಗೊತ್ತುಮಾಡಿ ಮನೆಗೆ ತಂದಿತು, ಏಕೆಂದರೆ ಪ್ರವಾಸಿಗರ ರಕ್ಷಣೆಗೆಂದೇ ಅಲ್ಲಿ ಒಂದು ನಿಧಿಯ ಏರ್ಪಾಡಿದೆ. ನಮ್ಮಲ್ಲಿ ಹಡಗಿನ ಪ್ರವಾಸಕ್ಕೆ ಅಂಥ ಆಸರೆಯನ್ನು ನೆಚ್ಚಿ ಕೂಡುವಂತಿಲ್ಲ. ವರ್ಷ ಮುಂಚಿತವಾಗಿ ಪೂರ್ತಿ ಹಣ ಕಟ್ಟಿದರೆ ರಿಯಾಯಿತಿ ಎಂಬ ಆಮಿಷವನ್ನು ನಾವಂತೂ ಸಂಶಯದಿಂದಲೇ ನೋಡುತ್ತೇವೆ.

ಸಮುದ್ರ ದೂರವಾದರೂ ನೀರಿನ ಪ್ರಯಾಣ ನಮಗೆ ಪೂರ್ತಿ ದೂರವಲ್ಲ. ನಾಗಾರ್ಜುನಸಾಗರದಿಂದ ಶ್ರೀಶೈಲಕ್ಕೆ ಕೃಷ್ಣೆಯ ಮೇಲೆ, ನಲ್ಲಮಲೆಯ ಕಾಡುಗಳ ನಡುವೆ ಸುಮಾರು 110 ಕಿಲೋಮೀಟರಿನ ಲಾಂಚ್ ಪ್ರಯಾಣವನ್ನು ತೆಲಂಗಾಣ ಪ್ರವಾಸೋದ್ಯಮ ನಿಗಮ ನಡೆಸುತ್ತದೆ, ಜಲಾಶಯ ತುಂಬಿದ ಕಾಲದಲ್ಲಿ ಮಾತ್ರ. ಅಕ್ಕಮಹಾದೇವಿಯ ಗವಿಗೆ ಶ್ರೀಶೈಲದ ಕಡೆಯಿಂದ ದೋಣಿಯಲ್ಲಿ ಹೋಗಬೇಕೆಂಬುದನ್ನು ನಮ್ಮ ಅನೇಕ ಮನೆಗಳವರು ಬಲ್ಲರು. ಇಂಥ ಕಡೆ ನಡುವಿನವನ ಅಗತ್ಯವೇ ಇಲ್ಲ. ನಿಗಮದಿಂದಲೇ ಕೊಳ್ಳಬಹುದು, ಕೊಳ್ಳಬೇಕು. 2019ರ ಸೆಪ್ಟೆಂಬರ್ 15ರಂದು ಗೋದಾವರಿಯಲ್ಲಿ ಪಾಪಿಕೊಂಡಲು ನೋಡಲು ಹೊರಟ ಖಾಸಗಿ ದೋಣಿ ಕಚ್ಚುಲೂರಿನ ಬಳಿ ಮಗುಚಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಹೈದರಾಬಾದ್, ವಾರಂಗಲ್ಲಿನ ಕುಟುಂಬಗಳೂ ಅದರಲ್ಲಿದ್ದವು. ದೋಣಿಯಲ್ಲಿ ಎಷ್ಟು ಜನರಿದ್ದರೆಂಬ ಲೆಕ್ಕವೇ ಆ ದಿನ ಒಬ್ಬರು ಹೇಳಿದಂತೆ ಇನ್ನೊಬ್ಬರು ಹೇಳಲಿಲ್ಲ. ಮನೆಯವರು ದಡದಲ್ಲಿ ನಿಂತು ತಮ್ಮವರ ಹೆಸರನ್ನು ಕೇಳುತ್ತಿರುವಾಗ ಪಟ್ಟಿಯೇ ಸರಿಯಿಲ್ಲದಿದ್ದರೆ ಆ ಗಳಿಗೆ ಹೇಗಿದ್ದೀತು! ಹತ್ತುವ ಮೊದಲು ಪಟ್ಟಿಯಲ್ಲಿ ಎಲ್ಲರ ಹೆಸರು ಬರೆಸಿ, ಜೀವರಕ್ಷಕ ಅಂಗಿ ತೊಟ್ಟು, ಅದನ್ನು ಇಳಿಯುವವರೆಗೂ ಕಳಚದಿರುವುದು ಟಿಕೇಟಿನ ದರಕ್ಕಿಂತ ಮುಖ್ಯ.

ಹಾಗಾದರೆ ನಾವು ಹೇಳುವುದೇನು? ಮನೆಯಲ್ಲಿ ಇಂಗ್ಲಿಷಿನ ಷರತ್ತುಗಳನ್ನು ಓದಿ ಹೇಳಬಲ್ಲ ಮಗನೋ ಸೊಸೆಯೋ ಇದ್ದು, ಮುಂಬಯಿ ಗೋವೆಯಂಥ ಎರಡು ಮೂರು ದಿನದ ಯಾನವಾದರೆ ಕಂಪನಿಯಿಂದ ನೇರವಾಗಿ ಕೊಳ್ಳಿರಿ. ಮೊದಲ ಸಲ ಹೊರಡುವ ವೃದ್ಧ ದಂಪತಿಗಳು, ವೀಸಾ ವಿಮಾನಗಳ ತೊಡಕುಳ್ಳ ಪರದೇಶದ ಯಾನ, ಇಲ್ಲವೇ ದೊಡ್ಡ ಗುಂಪು, ಇಂಥವಕ್ಕೆ ಕಲಬುರಗಿಯಲ್ಲಿಯೋ ಹೈದರಾಬಾದಿನಲ್ಲಿಯೋ ಬಹುವರ್ಷದಿಂದ ಅಂಗಡಿಯಿಟ್ಟ ಏಜೆಂಟನೇ ವಾಸಿ. ನೇರವಾಗಿ ಕೊಳ್ಳುವವರು ಮೊಬೈಲಿನಲ್ಲಿ ಹುಡುಕಿದಾಗ ಮೊದಲು ಕಂಡ ಫೋನ್ ಸಂಖ್ಯೆಯನ್ನು ಕಂಪನಿಯದೆಂದು ನಂಬಬಾರದು. ಕಂಪನಿಯ ಹೆಸರಿನಲ್ಲಿ ಸುಳ್ಳು ಸಂಖ್ಯೆಯಿಟ್ಟು ಹಣ ಎತ್ತುವವರಿದ್ದಾರೆ. ಹಾಗೆ ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು.

ಏಜೆಂಟನಾಗಲಿ ಕಂಪನಿಯಾಗಲಿ ಮಾತಿಗೆ ತಪ್ಪಿದರೆ ಮುಂಬಯಿಗೆ ಹೋಗಿ ಕೋರ್ಟು ಹತ್ತಬೇಕೆಂಬ ಭಯ ಬೇಡ. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ ನೋಡಬಹುದು. ಗಡಿಯ ಈಚೆ ನಮ್ಮ ನುಡಿಗೆ ಸರಕಾರಿ ಕಿವಿಗಳು ಅಪರೂಪ. ಆ ಸಂಖ್ಯೆಯಲ್ಲಿ ಮಾತ್ರ ಕನ್ನಡದಲ್ಲಿಯೇ ಅಹವಾಲು ಹೇಳಿಕೊಳ್ಳುವ ಅನುಕೂಲವಿದೆ. ರಸೀದಿಯನ್ನು ಮುಂದಿಟ್ಟುಕೊಂಡು ಕೂಡಿರಿ, ಅವರು ಮೊದಲು ಕೇಳುವುದು ಅದನ್ನೇ.