ಪಾರ್ಥೇನಿಯಂ ತಿನ್ನಲು ಬಂದ ಮೆಕ್ಸಿಕೊ ದುಂಬಿ

ಬೆಂಗಳೂರು: ಮುಂಗಾರು ಮಳೆ ಎರಡು ಬಾರಿ ಹದವಾಗಿ ಸುರಿದರೆ ಸಾಕು, ರಾಜ್ಯದ ಯಾವುದೇ ನಗರದ ಖಾಲಿ ನಿವೇಶನಗಳಲ್ಲಿ, ರೈಲು ಹಳಿಗಳ ಬದಿಯಲ್ಲಿ, ರಸ್ತೆ ಅಗೆದು ಮಣ್ಣು ಗುಡ್ಡೆ ಹಾಕಿದ ಕಡೆಯಲ್ಲೆಲ್ಲ ಪಾರ್ಥೇನಿಯಂ ತಲೆ ಎತ್ತುತ್ತದೆ. ಆದರೆ ಆಗಸ್ಟ್ ವೇಳೆಗೆ ಇದೇ ಗಿಡಗಳ ಪೈಕಿ ಕೆಲವು ಎಲೆಗಳನ್ನೆಲ್ಲ ಕಳೆದುಕೊಂಡು ಬರೀ ಕಡ್ಡಿಗಳಾಗಿ ನಿಂತಿರುತ್ತವೆ. ಅಲ್ಲಿ ಯಾರೂ ಔಷಧ ಸಿಂಪಡಿಸಿರುವುದಿಲ್ಲ, ಕುಡುಗೋಲು ಹಿಡಿದು ಹೋಗಿರುವುದೂ ಇಲ್ಲ. ಅದು ನಾಲ್ಕು ದಶಕಗಳ ಹಿಂದೆ ಮೆಕ್ಸಿಕೊದಿಂದ ಬೆಂಗಳೂರಿಗೆ ತರಲಾದ ಪುಟ್ಟ ದುಂಬಿಯೊಂದರ ಕೆಲಸ.

ಒಂದು ಜೀವಿಯನ್ನು ಹತೋಟಿಯಲ್ಲಿಡಲು ಅದರ ಸಹಜ ಶತ್ರುವಾದ ಇನ್ನೊಂದು ಜೀವಿಯನ್ನು ಬಳಸುವ ಕ್ರಮಕ್ಕೆ ಜೈವಿಕ ನಿಯಂತ್ರಣ ಎಂದು ಹೆಸರು. ಹೊರದೇಶದ ಕಳೆ ಅಥವಾ ಕೀಟವೊಂದು ಹೊಸ ನೆಲಕ್ಕೆ ಬಂದಾಗ ತವರಿನಲ್ಲಿ ಅದನ್ನು ತಿಂದು ಬದುಕುತ್ತಿದ್ದ ಶತ್ರುಗಳು ಜೊತೆಗೆ ಬರುವುದಿಲ್ಲ. ಹೇಳುವವರು ಕೇಳುವವರಿಲ್ಲದೆ ಅದು ಹಬ್ಬುತ್ತದೆ. ಹಾಗಾಗಿ ತವರಿಗೇ ಹೋಗಿ ಆ ಶತ್ರುವನ್ನು ಹುಡುಕಿ ತರುವುದು ಈ ವಿಧಾನದ ತಿರುಳು.

ಪಾರ್ಥೇನಿಯಂ ಇದಕ್ಕೆ ತಕ್ಕ ಉದಾಹರಣೆ. ಅಮೆರಿಕ ಖಂಡದ ಉಷ್ಣವಲಯಕ್ಕೆ ಸೇರಿದ ಈ ಗಿಡ 1950ರ ದಶಕದ ಮಧ್ಯಭಾಗದಲ್ಲಿ ಪುಣೆಯಲ್ಲಿ ಸಸ್ಯವಿಜ್ಞಾನಿಗಳ ಗಮನ ಸೆಳೆಯಿತು. ಅಮೆರಿಕದಿಂದ ಆಮದಾದ ಗೋಧಿಯ ಜೊತೆ ಬೀಜ ಬಂದಿತೆಂಬ ಮಾತು ಇಂದಿಗೂ ಜನಜನಿತವಾಗಿದೆ. 'ಕಾಂಗ್ರೆಸ್ ಗಿಡ', 'ಕಾಂಗ್ರೆಸ್ ಕಸ' ಎಂಬ ಹೆಸರುಗಳು ಅದಕ್ಕೆ ಅಂಟಿಕೊಂಡದ್ದು ಬಿಳಿ ಟೋಪಿಯನ್ನು ಹೋಲುವ ಹೂವಿನಿಂದ ಎಂದು ಹೇಳುವವರಿದ್ದಾರೆ. ಪಕ್ಷದ ಪರ, ವಿರೋಧಗಳೆರಡೂ ಈ ಹೆಸರನ್ನು ಸಾಕಷ್ಟು ಬಳಸಿಕೊಂಡಿವೆ. ಗಿಡಕ್ಕಂತೂ ಅದರಿಂದ ಯಾವ ಬಾಧೆಯೂ ಆಗಿಲ್ಲ.

ಒಂದು ಗಿಡ ಹತ್ತು ಸಾವಿರಕ್ಕೂ ಮಿಕ್ಕಿ ಬೀಜ ಉದುರಿಸಬಲ್ಲದು. ಮೊಳೆತ ನಾಲ್ಕಾರು ವಾರಗಳಲ್ಲೇ ಹೂ ಬಿಡುತ್ತದೆ. ಅದರಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಸುತ್ತಲಿನ ಸಸ್ಯಗಳ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಗಿಡ ಮುಟ್ಟಿದವರಲ್ಲಿ ಕೆಲವರಿಗೆ ಚರ್ಮ ಕೆಂಪಗಾಗಿ ಉರಿಯುವ, ವರ್ಷಗಟ್ಟಲೆ ಬಿಡದ ತುರಿಕೆ ಆರಂಭವಾಗುತ್ತದೆ. ಪರಾಗ ಗಾಳಿಯಲ್ಲಿ ತೇಲಿ ಉಸಿರಾಟದ ತೊಂದರೆಗೂ ಕಾರಣವಾಗುತ್ತದೆ. ಜಾನುವಾರು ತಿಂದರೆ ಹಾಲು ಕಹಿಯಾಗುತ್ತದೆ. ಪರಿಸ್ಥಿತಿ ಕೈಮೀರುತ್ತಿರುವುದನ್ನು ಕಂಡ ಕರ್ನಾಟಕ ಸರ್ಕಾರ 1975ರಲ್ಲಿ ಇದನ್ನು ಕಾನೂನಿನ ಪ್ರಕಾರ ಅಪಾಯಕಾರಿ ಕಳೆಯೆಂದು ಘೋಷಿಸಿತು. ನೆಲದ ಒಡೆಯನೇ ಗಿಡ ಕೀಳಿಸಬೇಕೆಂಬುದು ಅದರ ಆಶಯ. ಕಾನೂನು ಕಡತದಲ್ಲಿ ಉಳಿಯಿತು, ಗಿಡ ರಸ್ತೆಯಲ್ಲಿ ಉಳಿಯಿತು.

ಹೆಸರಘಟ್ಟದ ಪ್ರಯೋಗ

ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೀಟವಿಜ್ಞಾನಿಗಳು 1983ರಲ್ಲಿ ಜೈಗೊಗ್ರಾಮ ಬೈಕಲರೇಟ ಎಂಬ ಎಲೆ ತಿನ್ನುವ ದುಂಬಿಯನ್ನು ಮೆಕ್ಸಿಕೊದಿಂದ ತರಿಸಿದರು. ಆಸ್ಟ್ರೇಲಿಯಾ ಅಷ್ಟರಲ್ಲಾಗಲೇ ಅದನ್ನು ತನ್ನಲ್ಲಿ ಬಿಟ್ಟಿತ್ತು. ದುಂಬಿ ಸುಮಾರು 6 ಮಿಲಿಮೀಟರ್ ಉದ್ದ. ಮಾಸಲು ಬಿಳಿ ಬೆನ್ನಿನ ಮೇಲೆ ಕಡು ಕಂದು ಬಣ್ಣದ ಅಂಕುಡೊಂಕು ಪಟ್ಟೆಗಳು.

ತಂದ ಕೂಡಲೇ ಬಯಲಿಗೆ ಬಿಡುವಂತಿರಲಿಲ್ಲ. ದಿಗ್ಬಂಧನ ಕೊಠಡಿಯಲ್ಲಿಟ್ಟು 27 ಸಸ್ಯ ಕುಟುಂಬಗಳಿಗೆ ಸೇರಿದ 40 ಬಗೆಯ ಗಿಡಗಳನ್ನು ಅದರ ಮುಂದಿಡಲಾಯಿತು. ಬೆಳೆಗಳ ಮೇಲೆ ಅದು ಸಂತಾನ ಬೆಳೆಸಲಾರದೆಂದು ಖಚಿತವಾದ ನಂತರವೇ, 1984ರಲ್ಲಿ, ಬೆಂಗಳೂರಿನಲ್ಲಿ ದುಂಬಿಗಳನ್ನು ಬಿಡುಗಡೆ ಮಾಡಲಾಯಿತು. ಈ ಪರೀಕ್ಷೆಗಳ ಫಲಿತಾಂಶವನ್ನು ಕೆ.ಪಿ. ಜಯಂತ್ ಹಾಗೂ ಸುಧಾ ನಾಗರಕಟ್ಟಿ 1987ರಲ್ಲಿ ಪ್ರಕಟಿಸಿದರು.

ಹೆಣ್ಣು ದುಂಬಿ ಎಲೆಯ ಅಡಿಭಾಗದಲ್ಲಿ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳುಗಳು ಮೊದಲು ಸುಳಿಯನ್ನೂ ಎಳೆಯ ಮೊಗ್ಗುಗಳನ್ನೂ ತಿಂದು, ಬಲಿತಂತೆ ಎಲೆಗಳಿಗೆ ಬಾಯಿ ಹಾಕುತ್ತವೆ. ಸುಳಿಯೇ ಹೋದ ಮೇಲೆ ಗಿಡ ಹೂ ಬಿಡುವುದೆಲ್ಲಿಂದ? ಬಲಿತ ಹುಳು ಮಣ್ಣಿಗಿಳಿದು ಕೋಶವಾಗುತ್ತದೆ. ಮೊಟ್ಟೆಯಿಂದ ದುಂಬಿಯಾಗಲು ಸುಮಾರು ಒಂದು ತಿಂಗಳು ಸಾಕು. ಮಳೆಗಾಲ ಮುಗಿದ ಮೇಲೆ ದುಂಬಿಗಳು ಮಣ್ಣಿನೊಳಗೆ ಸೇರಿ ತಿಂಗಳುಗಟ್ಟಲೆ ನಿದ್ರಿಸುತ್ತವೆ, ಮುಂದಿನ ಮಳೆಗೆ ಏಳುತ್ತವೆ.

ಮೊದಲ ಮೂರು ವರ್ಷ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. 1988ರ ವೇಳೆಗೆ ಬೆಂಗಳೂರಿನ ಸುತ್ತ ಎಕರೆಗಟ್ಟಲೆ ಪಾರ್ಥೇನಿಯಂ ಎಲೆಯಿಲ್ಲದೆ ನಿಂತಿತು.

ಸೂರ್ಯಕಾಂತಿ ಹೊಲದಲ್ಲಿ

ಆಗಲೇ ತಕರಾರು ಹುಟ್ಟಿತು. ಎಣ್ಣೆಕಾಳಿನ ಬೇಡಿಕೆಯಿಂದಾಗಿ ರಾಜ್ಯದಲ್ಲಿ ಸೂರ್ಯಕಾಂತಿ ಬೇಸಾಯ ಬಿರುಸಾಗಿ ವಿಸ್ತರಿಸುತ್ತಿದ್ದ ಕಾಲ ಅದು. ಕೆಲವು ಹೊಲಗಳಲ್ಲಿ ಸೂರ್ಯಕಾಂತಿ ಎಲೆಗಳ ಮೇಲೆ ಇದೇ ದುಂಬಿಗಳು ಕುಳಿತು ಮೇಯುತ್ತಿದ್ದುದು ಕಂಡುಬಂತು. ಕಳೆ ತಿನ್ನಲೆಂದು ಸರ್ಕಾರವೇ ಬಿಟ್ಟ ಹುಳು ಬೆಳೆ ತಿನ್ನುತ್ತಿದೆ ಎಂಬ ದೂರು ಸಣ್ಣದಲ್ಲ. ಸಾಲ ಮಾಡಿ ಬಿತ್ತಿದ ರೈತನಿಗೆ ಪ್ರಯೋಗಾಲಯದ 40 ಗಿಡಗಳ ಪಟ್ಟಿ ತೋರಿಸಿ ಸಮಾಧಾನ ಹೇಳುವುದು ಸಾಧ್ಯವಿರಲಿಲ್ಲ. ಕೇಂದ್ರ ಸರ್ಕಾರ ಸತ್ಯಶೋಧನಾ ಸಮಿತಿಯನ್ನು ನೇಮಿಸಿತು, ಹೊಸದಾಗಿ ದುಂಬಿ ಬಿಡುವ ಕಾರ್ಯಕ್ಕೆ ತಡೆ ಬಿತ್ತು. ಒಂದು ತಪ್ಪು ಹೆಜ್ಜೆ ದೇಶದ ಇಡೀ ಜೈವಿಕ ನಿಯಂತ್ರಣ ಕಾರ್ಯಕ್ರಮಕ್ಕೇ ಕುತ್ತು ತರುವ ಸಂದರ್ಭ ಅದಾಗಿತ್ತು.

ದುಂಬಿ ತನ್ನ ರುಚಿಯನ್ನೇ ಬದಲಿಸಿಕೊಂಡಿತೇ ಎಂಬುದು ವಿಜ್ಞಾನಿಗಳ ಮುಂದಿದ್ದ ಪ್ರಶ್ನೆ. ಜಯಂತ್ ಹಾಗೂ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಉತ್ತರ ಸ್ವಾರಸ್ಯಕರವಾಗಿದೆ. ಹೊಲದ ಬದುಗಳಲ್ಲಿ ಹೂ ಬಿಟ್ಟ ಪಾರ್ಥೇನಿಯಂನ ಪರಾಗ ಸೂರ್ಯಕಾಂತಿ ಎಲೆಗಳ ಮೇಲೆ ಬೀಳುತ್ತದೆ. ದುಂಬಿಗೆ ಅದು ತನ್ನ ಆಹಾರದ ಸುಳಿವು. ಆ ಸುಳಿವಿಗೆ ಮರುಳಾಗಿ ಎಲೆಯನ್ನೂ ಕಚ್ಚುತ್ತದೆ. ಪಾರ್ಥೇನಿಯಂ ಪರಾಗವನ್ನು ಉದುರಿಸಿದ ಸೂರ್ಯಕಾಂತಿ ಎಲೆಯನ್ನು ಪ್ರಯೋಗಾಲಯದಲ್ಲಿ ಒಡ್ಡಿದಾಗಲೂ ಅದು ತಿಂದಿತು. ಪಕ್ಕದ ಪಾರ್ಥೇನಿಯಂ ಪೂರ್ತಿ ಬೋಳಾಗಿ ಹಸಿದ ದುಂಬಿಗಳು ಅಲೆದಾಡುವಾಗ ಇಂಥ ಮೇಯುವಿಕೆ ಹೆಚ್ಚು. ಆದರೆ ಸೂರ್ಯಕಾಂತಿಯನ್ನೇ ನೆಚ್ಚಿ ಅದು ವಂಶ ಬೆಳೆಸಲಾರದು. ಬದುಗಳಲ್ಲಿ ಪಾರ್ಥೇನಿಯಂ ಬೆಳೆಯಲು ಬಿಟ್ಟದ್ದೇ ದುಂಬಿಯನ್ನು ಹೊಲಕ್ಕೆ ಕರೆತಂದಿತ್ತು. ಮುಂದೆ ತಡೆಯನ್ನು ತೆಗೆಯಲಾಯಿತು. ಅಷ್ಟರಲ್ಲಿ ದುಂಬಿ ತಾನಾಗಿಯೇ ನೆರೆರಾಜ್ಯಗಳಿಗೆ ದಾಟಿತ್ತು. ಹುಳುವಿಗೆ ಸರ್ಕಾರಿ ಆದೇಶ ತಲುಪಿಸುವುದು ಹೇಗೆ?

ಈ ಬಗೆಯ ಎಚ್ಚರಿಕೆ ಅತಿಯಾಯಿತು ಎನ್ನುವವರು ಆಸ್ಟ್ರೇಲಿಯಾದತ್ತ ನೋಡಬಹುದು. ಕಬ್ಬಿನ ದುಂಬಿಗಳನ್ನು ತಿನ್ನಲೆಂದು 1935ರಲ್ಲಿ ಹವಾಯಿಯಿಂದ ಕ್ವೀನ್ಸ್‌ಲ್ಯಾಂಡ್‌ಗೆ ತಂದ ಕಪ್ಪೆ ದುಂಬಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದಿತು. ಅದರ ವಿಷಕ್ಕೆ ಅಲ್ಲಿನ ಹಾವು, ಉಡಗಳು ಬಲಿಯಾದವು. ಕಂಡದ್ದನ್ನೆಲ್ಲ ತಿನ್ನುವ ಜೀವಿ ಈ ಕೆಲಸಕ್ಕೆ ಸಲ್ಲದು. ಒಂದನ್ನೇ ತಿನ್ನುವ ಹಟಮಾರಿಯೇ ಬೇಕು. ಭಾರತದಲ್ಲೇ 1795ರಲ್ಲಿ ಬಣ್ಣದ ಉದ್ಯಮಕ್ಕೆಂದು ಬ್ರೆಜಿಲ್‌ನಿಂದ ತಂದ ಕೀಟ ಬೇಕಿದ್ದ ಜಾತಿಯದಾಗಿರಲಿಲ್ಲ. ಬಣ್ಣ ಕೊಡುವ ಬದಲು ಅದು ಪಾಪಾಸುಕಳ್ಳಿಯ ಒಂದು ಬಗೆಯನ್ನು ತಿಂದು ಮುಗಿಸಿತು. ಅದು ಅದೃಷ್ಟ, ಯೋಜನೆಯಲ್ಲ.

ಮುಗಿಯದ ಗಿಡ

ಹಾಗಿದ್ದೂ ಪಾರ್ಥೇನಿಯಂ ಏಕೆ ನಿರ್ಮೂಲವಾಗಿಲ್ಲ? ದುಂಬಿ ಮಳೆಗಾಲದ ಜೀವಿ. ಬೇಸಿಗೆಯಲ್ಲಿ ಕೊಳವೆ ಸೋರಿಕೆಯ ನೀರಿಗೆ, ಚರಂಡಿಯ ತೇವಕ್ಕೆ ಮೊಳೆತ ಗಿಡ ಅದು ಏಳುವ ಮೊದಲೇ ಬೀಜ ಕಟ್ಟಿರುತ್ತದೆ. ಮಣ್ಣಿನಲ್ಲಿ ಹುದುಗಿದ ಬೀಜ ಹಲವು ವರ್ಷ ಜೀವಂತವಾಗಿರುತ್ತದೆ. ಕಟ್ಟಡದ ಮಣ್ಣನ್ನು ಲಾರಿಯಲ್ಲಿ ಸಾಗಿಸುವಾಗ ಬೀಜವೂ ಊರು ದಾಟುತ್ತದೆ. ಅಗೆತದಿಂದ ಮಣ್ಣಿನಲ್ಲಿ ಮಲಗಿದ್ದ ದುಂಬಿಗಳು ಸಾಯುವುದೂ ಉಂಟು. ಸಹಜ ಶತ್ರು ಸಾಮಾನ್ಯವಾಗಿ ತನ್ನ ಆಹಾರವನ್ನು ಕಡಿಮೆ ಮಾಡುತ್ತದೆ, ಪೂರ್ತಿ ಇಲ್ಲವಾಗಿಸುವುದಿಲ್ಲ. ಇಲ್ಲವಾದರೆ ತಾನೂ ಉಳಿಯದು.

ಆದ್ದರಿಂದ ದುಂಬಿಯೊಂದನ್ನೇ ನಂಬಿ ಕೂರುವುದನ್ನು ಕೃಷಿ ವಿಜ್ಞಾನಿಗಳು ಒಪ್ಪುವುದಿಲ್ಲ. ಹಿರಿಯ ಕೃಷಿ ವಿಜ್ಞಾನಿ ದಿವಂಗತ ಎಂ. ಮಹದೇವಪ್ಪ ಅವರು ಪಾರ್ಥೇನಿಯಂ ಬೆಳೆಯುವ ಜಾಗದಲ್ಲಿ ಕ್ಯಾಸಿಯಾ ಜಾತಿಯ ಗಿಡ ಬೆಳೆಸಿ ಅದಕ್ಕೆ ನೆಲವೇ ಸಿಗದಂತೆ ಮಾಡುವ ವಿಧಾನವನ್ನು ಪ್ರಚಾರ ಮಾಡಿದ್ದರು. ಚೆಂಡುಹೂವಿನ ಗಿಡವೂ ಇದೇ ಕೆಲಸಕ್ಕೆ ಬರುತ್ತದೆ.

ಎಲ್ಲ ಪ್ರಕರಣಗಳೂ ಇಷ್ಟು ನಿಧಾನವಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪರಂಗಿಯ ಹಿಟ್ಟು ತಿಗಣೆ ಪರಂಗಿಯ ಜೊತೆಗೆ ಹಿಪ್ಪುನೇರಳೆ ತೋಟಗಳಿಗೂ ಹಬ್ಬಿತು. ಮೈಗೆ ಮೇಣದ ಹೊದಿಕೆಯಿದ್ದ ತಿಗಣೆಗೆ ಔಷಧ ತಾಗುತ್ತಿರಲಿಲ್ಲ, ಔಷಧ ಹೊಡೆದ ಸೊಪ್ಪನ್ನು ರೇಷ್ಮೆ ಹುಳುವಿಗೆ ಹಾಕುವಂತೆಯೂ ಇರಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಸೂಕ್ಷ್ಮ ಕಣಜಗಳನ್ನು ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೀಟ ಸಂಪನ್ಮೂಲ ಸಂಸ್ಥೆಗೆ ತರಿಸಿ, ಅಲ್ಲಿಂದ ರೈತರಿಗೆ ಹಂಚಲಾಯಿತು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದು ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು, ಮರಿ ಒಳಗಿನಿಂದಲೇ ತಿಗಣೆಯನ್ನು ತಿಂದು ಹೊರಬರುತ್ತದೆ. ಕೆಲವೇ ತಿಂಗಳಲ್ಲಿ ಹಾವಳಿ ಇಳಿಯಿತು. ವರ್ಷವಿಡೀ ಆಹಾರ ಸಿಗುವ ಕಣಜಕ್ಕೆ ನಿದ್ರೆಯ ಅಗತ್ಯವಿರಲಿಲ್ಲ.

ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಬಡಾವಣೆಗಳಲ್ಲಿ ಗಿಡ ಕೀಳಲು ಮುಂದಾಗುವವರು ಕೈಗವಸು ಧರಿಸಬೇಕು, ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಎಲೆಗಳು ತೂತುತೂತಾಗಿ, ಪಟ್ಟೆಯ ದುಂಬಿಗಳು ಗುಂಪಾಗಿ ಕಂಡರೆ ಅಂಥ ಗಿಡಗಳನ್ನು ಕೆಲವು ವಾರ ಹಾಗೆಯೇ ಬಿಡುವುದು ಲೇಸು. ತೂತಿರುವ ಡಬ್ಬಿಯಲ್ಲಿ ಒಂದಷ್ಟು ದುಂಬಿಗಳನ್ನು ಎಲೆಸಹಿತ ಹಿಡಿದು ಇನ್ನೊಂದು ಪಾರ್ಥೇನಿಯಂ ಪೊದೆಗೆ ಬಿಟ್ಟರೆ ಅವು ಅಲ್ಲಿಯೂ ನೆಲೆಯೂರುತ್ತವೆ.