ಕಾರ್ಬುರೇಟರಿಗೆ ಗಾಳಿ ಹೆಚ್ಚಿಸುವ ಮುನ್ನ

ಯಮಹಾ ಆರ್‌ಎಕ್ಸ್ 100 ಕೈಗೆ ಸಿಕ್ಕರೆ ಬಹಳ ಹುಡುಗರು ಮೊದಲು ಕೈಹಾಕುವುದು ಏರ್ ಫಿಲ್ಟರಿಗೆ. ಫಿಲ್ಟರ್ ಡಬ್ಬಿ ಕಿತ್ತು, ಕಾರ್ಬುರೇಟರಿನ ಬಾಯಿಗೆ ಕೋನ್ ಫಿಲ್ಟರ್ ಸಿಕ್ಕಿಸಿದರೆ ಪಿಕಪ್ ಏರುತ್ತದೆ ಎಂಬ ನಂಬಿಕೆ. ಸದ್ದಂತೂ ಏರುತ್ತದೆ. ಪಿಕಪ್ ಏರಬೇಕಾದರೆ ಪೆಟ್ರೋಲಿನ ಲೆಕ್ಕವೂ ಬದಲಾಗಬೇಕು.

ಕಾರ್ಬುರೇಟರಿನ ಒಳಗೆ ಗಾಳಿಯ ದಾರಿ ನಡುವೆ ಕಿರಿದಾಗುತ್ತದೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆ ಇಳಿತವೇ ಜೆಟ್ ಎಂಬ ಸಣ್ಣ ತೂತಿನಿಂದ ಪೆಟ್ರೋಲನ್ನು ಮೇಲೆಳೆಯುವುದು. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಫಿಲ್ಟರ್ ಒಡ್ಡುವ ತಡೆಯನ್ನೂ ಸೇರಿಸಿಯೇ ಕಂಪನಿಯವರು ಜೆಟ್ಟಿನ ಗಾತ್ರ ಗೊತ್ತುಮಾಡಿರುತ್ತಾರೆ. ತಡೆ ಹೋದರೆ ಸೆಳೆತ ಕುಗ್ಗಿ ಪೆಟ್ರೋಲು ಸಾಲದಾಗುತ್ತದೆ, ಎಂಜಿನ್ ವಿಪರೀತ ಕಾಯುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಸೀಜ್ ಆಗಲು ಇಷ್ಟು ಸಾಕು.

ಆದ್ದರಿಂದ ಮೊದಲು ಇರುವ ದಾರಿಯನ್ನೇ ಸ್ವಚ್ಛ ಮಾಡಿ. ಸ್ಪಂಜಿನ ಫಿಲ್ಟರಾದರೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ, ತೊಟ್ಟಿಕ್ಕದಂತೆ ಹಿಂಡಿ ಹಾಕಿ. ಪೇಪರ್ ಫಿಲ್ಟರನ್ನು ತೊಳೆಯಬಾರದು, ಬದಲಿಸಬೇಕು. ಕಾರ್ಬುರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರನ್ನು ಬಗ್ಗಿಸಿ ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಅಲ್ಲಿ ಕಳ್ಳಗಾಳಿ ನುಗ್ಗುತ್ತದೆ. ಆಗ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ.

ಇಷ್ಟಾದ ಮೇಲೂ ಕೋನ್ ಫಿಲ್ಟರೇ ಬೇಕೆಂದರೆ ಮೇನ್ ಜೆಟ್ಟನ್ನು ಒಂದೊಂದೇ ಅಳತೆ ದೊಡ್ಡದು ಮಾಡುತ್ತ ಹೋಗಿ. ಅರ್ಧ ಥ್ರಾಟಲಿನಲ್ಲಿ ಎಂಜಿನ್ ಮುಗ್ಗರಿಸಿದರೆ ಕಾರ್ಬುರೇಟರಿನ ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಕ್ಕಿಳಿಸಿ. ಸೂಜಿ ಮೇಲೇರಿ ಪೆಟ್ರೋಲು ಹೆಚ್ಚು ಬರುತ್ತದೆ. ಚೋಕ್ ಸ್ವಲ್ಪ ಎಳೆದಾಗ ಓಟ ಸುಧಾರಿಸಿತೇ? ಪೆಟ್ರೋಲು ಇನ್ನೂ ಸಾಲದು ಎಂದರ್ಥ. ಖಾಲಿ ರಸ್ತೆಯಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿಯ ಪಿಂಗಾಣಿ ಇಟ್ಟಿಗೆಯಂಥ ಕಂದಾಗಿದ್ದರೆ ಸರಿ. ಬೆಳ್ಳಗಿದ್ದರೆ ಮತ್ತೆ ಓಡಿಸಬೇಡಿ, ಜೆಟ್ ಇನ್ನೂ ದೊಡ್ಡದಾಗಬೇಕು. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಅತಿಯಾಗಿದೆ.

ಬಯಲಿಗೆ ಬಿದ್ದ ಕೋನ್ ಫಿಲ್ಟರ್ ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆಯುತ್ತದೆ, ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ದಿನವೂ ಮಣ್ಣುರಸ್ತೆಯಲ್ಲಿ ಓಡಾಡುವವರಿಗೆ ಮೂಲ ಡಬ್ಬಿಯೇ ಮೇಲು. ಬಿಚ್ಚಿದರೂ ಅದನ್ನು ಗುಜರಿಗೆ ಹಾಕಬೇಡಿ. 1996ರಲ್ಲಿ ತಯಾರಿಕೆ ನಿಂತ ಬೈಕಿಗೆ ಅಸಲಿ ಡಬ್ಬಿ ಮತ್ತೆ ಸಿಗುವುದು ಕಷ್ಟ.