ಹೊಲವನ್ನು ಅಳೆದ ಸರಪಣಿ, ಮನೆಯನ್ನು ಕಾದ ಕಾಗದ

ಕೃಷ್ಣಾ, ದೂಧಗಂಗಾ, ವೇದಗಂಗೆಯರ ನೀರುಂಡು ಬೆಳೆದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹಳ್ಳಿಗಳಲ್ಲಿ, ಹೊಸ ಮನೆಗೆ ಪಾಯಾ ತೆಗೆಯುವ ಮುನ್ನ ಗ್ರಾಮ ಪಂಚಾಯತಿಯ ಪರವಾನಗಿ ಬೇಕೆಂಬ ಮಾತು ಬಂದಾಗಲೆಲ್ಲ, ‘ನಮ್ಮ ಮುತ್ಯಾ ಮನಿ ಕಟ್ಟಿದಾಗ ಯಾರ ಪರವಾನಗಿ ಇತ್ರಿ?’ ಎಂದು ಹಿರಿಯರು ಕೇಳುವುದುಂಟು. ಇದು ಹಟದ ಪ್ರಶ್ನೆಯೆಂದು ತಳ್ಳಿಹಾಕತಕ್ಕದ್ದಲ್ಲ. ಇದಕ್ಕೆ ಉತ್ತರವನ್ನು ಅರಸಿ ಹೊರಟವನು ಸುಮಾರು ನೂರತೊಂಬತ್ತು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ಮುಂಬಯಿ ಆಧಿಪತ್ಯದ ಅಧಿಕಾರಿಗಳಾದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರು ಪುಣೆ ಜಿಲ್ಲೆಯ ಇಂದಾಪುರದಲ್ಲಿ 1836ರ ಸುಮಾರಿಗೆ ಆರಂಭಿಸಿದ ಭೂಮಾಪನವು ಕ್ರಮೇಣ ದಕ್ಷಿಣಕ್ಕೆ ಸರಿದು ಬೆಳಗಾವಿ ಸೀಮೆಯನ್ನೂ ಒಳಗೊಂಡಿತು. ಮೋಜಣಿದಾರನ ಕೈಯಲ್ಲಿದ್ದುದು 33 ಅಡಿಗಳ ಸರಪಣಿ. ಆ ಸರಪಣಿಯ ಒಂದು ಚೌಕವೇ ಗುಂಟೆ; ಅಂತಹ 40 ಗುಂಟೆಗಳು ಕೂಡಿ ಒಂದು ಎಕರೆ. ಇಂದಿಗೂ ನಮ್ಮವರು ಜಾಗವನ್ನು ಗುಂಟೆಯ ಲೆಕ್ಕದಲ್ಲಿಯೇ ಕೊಂಡು ಮಾರುತ್ತಿರುವುದನ್ನು ಕಂಡಾಗ, ಆ ಕಬ್ಬಿಣದ ಸರಪಣಿ ನಮ್ಮ ಮಾತಿನಲ್ಲಿ ಎಷ್ಟು ಆಳವಾಗಿ ಹೂತುಹೋಗಿದೆಯೆಂಬುದು ತಿಳಿಯುತ್ತದೆ.

ಆದರೆ ಆ ಮೋಜಣಿಯ ಲಕ್ಷ್ಯವೆಲ್ಲ ಕಂದಾಯದ ಮೇಲೆ. ಕಂದಾಯ ಹುಟ್ಟುವುದು ಹೊಲದಲ್ಲಿಯೇ ಹೊರತು ಮನೆಯಲ್ಲಲ್ಲ. ಆದಕಾರಣ ಹೊಲಹೊಲಕ್ಕೂ ನಂಬರು ಬಿತ್ತು, ಬಾಂದುಗಲ್ಲು ನಿಂತಿತು; ಊರಿನ ವಸತಿಯ ನೆಲ ಮಾತ್ರ ‘ಗಾವಠಾಣ’ವೆಂಬ ಹೆಸರಿನಲ್ಲಿ ನಕ್ಷೆಯ ಮೇಲೆ ಒಂದು ಖಾಲಿ ಜಾಗವಾಗಿ ಉಳಿಯಿತು. ಆ ಖಾಲಿ ಜಾಗದೊಳಗೆ ಪಡಸಾಲೆಗಳು, ದನದ ಕೊಟ್ಟಿಗೆಗಳು, ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಒತ್ತಿಕೊಂಡು ಬೆಳೆದವು. ಗೋಡೆ ಎಲ್ಲಿ ನಿಲ್ಲಬೇಕು, ಸೂರಿನ ನೀರು ಯಾರ ಅಂಗಳಕ್ಕೆ ಬೀಳಬೇಕು ಎಂಬುದನ್ನು ನೆರೆಯವರೂ ಊರಿನ ಹಿರಿಯರೂ ನಿಂತು ನಿಶ್ಚಯಿಸುತ್ತಿದ್ದರು. ಮುತ್ಯಾನಿಗೆ ದೊರೆತ ಪರವಾನಗಿ ಅದೇ. ಅದಕ್ಕೆ ಸಾಕ್ಷಿಗಳಿದ್ದರು, ಕಾಗದವಿರಲಿಲ್ಲ.

ಸರ್ಕಾರ ಕಾಗದವನ್ನು ಕೇಳಿದ್ದು ಹೊಲಕ್ಕೆ. 1879ರ ಮುಂಬಯಿ ಭೂಕಂದಾಯ ಸಂಹಿತೆಯ 65ನೆಯ ಪ್ರಕರಣದಂತೆ, ಸಾಗುವಳಿಯ ನೆಲವನ್ನು ಅನ್ಯ ಉಪಯೋಗಕ್ಕೆ ತಿರುಗಿಸಬೇಕಾದರೆ ಕಲೆಕ್ಟರರ ಅನುಮತಿ ಅವಶ್ಯವಾಯಿತು. ನಮ್ಮವರು ‘ಎನ್.ಎ. (ನಾನ್-ಅಗ್ರಿಕಲ್ಚರ್) ಮಾಡಿಸುವುದು’ ಎಂದು ಇಂದಿಗೂ ಆಡುವ ಮಾತಿನ ಮೂಲ ಇಲ್ಲಿದೆ. ಮುಂದೆ 1949ರಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾದಾಗ ರಾಯಬಾಗವೂ ಬೆಳಗಾವಿ ಜಿಲ್ಲೆಗೆ ಸೇರಿತು. 1950ರ ಕಾನೂನು ಊರಿನ ಲೆಕ್ಕ ಬರೆಯುವ ಕುಲಕರ್ಣಿಯ ವಂಶಪಾರಂಪರ್ಯದ ವತನವನ್ನು ರದ್ದುಗೊಳಿಸಿದಾಗ, ದಫ್ತರ ಸರ್ಕಾರಿ ತಲಾಠಿಯ ಕೈಗೆ ಬಂದಿತು. 1956ರ ನವೆಂಬರ್ 1ರಂದು ಸೀಮೆಯೇ ಮೈಸೂರು ರಾಜ್ಯಕ್ಕೆ ಬಂದಿತು. ತರುವಾಯ 1959ರ ಗ್ರಾಮ ಪಂಚಾಯತಿ ಕಾನೂನು, 1964ರ ಭೂಕಂದಾಯ ಕಾನೂನು, 1983ರ ಮಂಡಲ ಪಂಚಾಯತಿ ಕಾನೂನು ಒಂದರ ಹಿಂದೊಂದು ಬಂದವು. ಸಂವಿಧಾನದ 73ನೆಯ ತಿದ್ದುಪಡಿಯನ್ನು ಅನುಸರಿಸಿ ರೂಪುಗೊಂಡ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೆಯ ಪ್ರಕರಣವು, ಗ್ರಾಮ ಪಂಚಾಯತಿಯ ಲಿಖಿತ ಅನುಮತಿಯಿಲ್ಲದೆ ಕಟ್ಟಡವನ್ನು ಕಟ್ಟಲಾಗದೆಂದು ವಿಧಿಸಿತು. ಹಿಂದೆ ಹಿರಿಯರು ನಿಂತು ಆಡುತ್ತಿದ್ದ ಮಾತು, ಊರು ತಾನೇ ಆರಿಸಿದ ಸಭೆಯ ಮೊಹರನ್ನು ಪಡೆಯಿತು.

ಆದರೆ ಅಳೆಯದ ನೆಲಕ್ಕೆ ಮೊಹರು ಹಾಕುವುದು ಹೇಗೆ? ಆ ತೊಡಕನ್ನು ಬಿಡಿಸಲು 2013ರಲ್ಲಿ, ಪಂಚಾಯತಿಯ ಆಸ್ತಿಗಳನ್ನು ಗಣಕದಲ್ಲಿ ದಾಖಲಿಸುವ ಇ-ಸ್ವತ್ತು ವ್ಯವಸ್ಥೆ ಬಂದಿತು. ಅದರ ನಮೂನೆ 9ನ್ನು ಕೈಯಲ್ಲಿ ಹಿಡಿದು ನೋಡಬೇಕು: ಮಾಲೀಕನ ಹೆಸರು, ಆಸ್ತಿಯ ಸಂಖ್ಯೆ, ಉದ್ದಗಲ, ನಾಲ್ಕು ದಿಕ್ಕಿನ ಚಕ್ಕುಬಂದಿ, ಜೊತೆಗೆ ಆಸ್ತಿಯದೇ ಒಂದು ಭಾವಚಿತ್ರ. ಹೊಲದ ಉತಾರವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಕಾಪಾಡಿಕೊಂಡು ಬಂದ ಮನೆತನಕ್ಕೆ, ತಾನು ವಾಸಿಸುವ ಗೋಡೆಗಳಿಗೂ ಇಂತಹದೊಂದು ಕಾಗದ ದೊರೆಯುವುದೆಂದರೆ ಅದು ಸಾಮಾನ್ಯ ಸಂಗತಿಯಲ್ಲ.

ಇಷ್ಟಾದರೂ ಕಥೆ ಮುಗಿಯುವುದಿಲ್ಲ. ಈ ಸೀಮೆಯ ಅನೇಕ ಕುಟುಂಬಗಳು ಊರೊಳಗಿಲ್ಲ. ನೀರಾವರಿ ಬಂದು ಕಬ್ಬು ಹಬ್ಬಿದಂತೆ ಬಾವಿಯ ಬದಿಗೆ, ದನಗಳ ಸಮೀಪಕ್ಕೆ ಹೋಗಿ ನೆಲೆನಿಂತು ತೋಟಪಟ್ಟಿಯ ವಸ್ತಿಗಳಾಗಿವೆ. ರೈತನು ತನ್ನ ಹೊಲದಲ್ಲಿ ಸಾಗುವಳಿಯ ಅನುಕೂಲಕ್ಕೆ ತೋಟದ ಮನೆ ಕಟ್ಟಿಕೊಳ್ಳುವ ಹಕ್ಕನ್ನು 1964ರ ಕಾನೂನಿನ 95ನೆಯ ಪ್ರಕರಣವು ಮನ್ನಿಸಿದೆ. ಆದರೆ ಅಣ್ಣತಮ್ಮಂದಿರ ಪಾಲಾಗಿ, ಒಂದು ಮನೆ ನಾಲ್ಕಾದಾಗ, ಅವು ಊರಿನ ಗಾವಠಾಣಕ್ಕೂ ಸೇರದೆ, ಬರಿಯ ಹೊಲವಾಗಿಯೂ ಉಳಿಯದೆ ನಡುವೆ ನಿಲ್ಲುತ್ತವೆ.

ಕಾಗದದ ಬೆಲೆ ಸುಭಿಕ್ಷದಲ್ಲಿ ತಿಳಿಯುವುದಿಲ್ಲ. 2005ರಲ್ಲಿ, 2019ರಲ್ಲಿ, ಮತ್ತೆ 2021ರಲ್ಲಿ ಕೃಷ್ಣೆ ದಡಮೀರಿ ಮಾಂಜರಿ, ಯಡೂರ, ಜುಗುಳದಂತಹ ಊರುಗಳ ಕಡೆಗೆ ನುಗ್ಗಿದಾಗ, ವಾರಗಟ್ಟಲೆ ನೀರು ಕುಡಿದ ಮಣ್ಣಿನ ಗೋಡೆಗಳು ಕರಗಿ ಕುಳಿತವು. 2019ರಲ್ಲಿ ಪೂರ್ಣ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಬಿದ್ದು ಮಣ್ಣಾದ ಮನೆ ತನ್ನ ಅಳತೆಯನ್ನು ತಾನು ಹೇಳಲಾರದು. ಅದರ ಪರವಾಗಿ ಮಾತನಾಡಬಲ್ಲದ್ದು ಪಂಚಾಯತಿಯ ಪುಸ್ತಕದಲ್ಲಿರುವ ಒಂದು ಸಾಲು ಮಾತ್ರ.

2020ರಲ್ಲಿ, ಹಳ್ಳಿಯ ವಸತಿ ನೆಲವನ್ನು ಅಳೆಯುವ ಕೇಂದ್ರದ ಸ್ವಾಮಿತ್ವ ಯೋಜನೆ ಆರಂಭವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸರಪಣಿ ಹಿಡಿದವನು ಬಿಟ್ಟುಹೋದ ಆ ಖಾಲಿ ಜಾಗವನ್ನು ಡ್ರೋನ್ ಆಕಾಶದಿಂದ ಅಳೆಯತೊಡಗಿತು. ಅಳತೆ ಮಾಡುವವರು ಊರೊಳಗಿನ ಮನೆಗಳಲ್ಲಿಯೇ ನಿಲ್ಲದೆ ತೋಟಪಟ್ಟಿಗೂ ಬರಲಿ. ಪಂಚಾಯತಿಗಳು ಪರವಾನಗಿಯನ್ನು ಕೃಪೆಯೆಂದು ಬಗೆಯದೆ, ಅರ್ಜಿದಾರನನ್ನು ಅಲೆಸದೆ ಸಕಾಲಕ್ಕೆ ಕೊಡಲಿ. ಮನೆ ಕಟ್ಟುವ ಬಂಧುಗಳಲ್ಲಿ ನನ್ನ ವಿನಂತಿ ಒಂದೇ: ಪಾಯಾ ಪೂಜೆಗೆ ಮುಹೂರ್ತವನ್ನು ಕೇಳುವ ಮೊದಲು ಉತಾರ, ನಮೂನೆ, ನಕ್ಷೆಗಳನ್ನು ಕೂಡಿಸಿಕೊಂಡು ಅರ್ಜಿ ಕೊಡಿರಿ, ಕೊಟ್ಟುದಕ್ಕೆ ಸ್ವೀಕೃತಿಯನ್ನು ಪಡೆಯಿರಿ. ಮುತ್ಯಾನ ಮನೆಗೆ ಸಾಕ್ಷಿ ಹೇಳಿದ ಹಿರಿಯರು ಈಗಿಲ್ಲ. ಮೊಮ್ಮಕ್ಕಳ ಮನೆಗೆ ಆ ಕಾಗದವೇ ಸಾಕ್ಷಿ.